ಬಿರುಕು ಮುಚ್ಚಿಕೊಂಡ ಈಜುಕೊಳ

ಕಡಲಂಚಿನ ತಗ್ಗುನಾಡು ನಮ್ಮ ಜೀಲಂಡ್‌ನಲ್ಲಿ ಮನೆಯ ಮುಂದೊಂದು ಕಾಲುವೆ, ಹಿಂದೊಂದು ಕಾಲುವೆ. ನಡೆಯಲು ಕಲಿತ ಮಗು ಈಜಲೂ ಕಲಿಯಲೇಬೇಕು. ನಮ್ಮೂರಿನಲ್ಲಿ ಆ ವಿದ್ಯೆ ಕಲಿಸುತ್ತಿದ್ದವಳು ನೆಲ್ಲೆ. ಅವಳ ತಮ್ಮ ಚಿಕ್ಕಂದಿನಲ್ಲೇ ಕಾಲುವೆಗೆ ಬಿದ್ದು ತೀರಿಹೋಗಿದ್ದ. ಆ ಸಂಕಟವೇ ಅವಳನ್ನು ಈಜುಕೊಳದ ದಡಕ್ಕೆ ತಂದು ನಿಲ್ಲಿಸಿತ್ತು.

ಊರವರೇ ಸೇರಿ ಕಟ್ಟಿದ್ದ ಆ ಕಾಂಕ್ರೀಟ್ ಕೊಳ ಹಳತಾಗಿ ಬಿರುಕು ಬಿಟ್ಟಿತು. ಎಷ್ಟು ತೇಪೆ ಹಾಕಿದರೂ ನೀರು ಸೋರುತ್ತಿತ್ತು. ಇನ್ನು ಮುಚ್ಚಿಬಿಡುವುದೇ ಸರಿ ಎಂದು ಊರ ಸಭೆ ಮಾತಾಡತೊಡಗಿದಾಗ ನೆಲ್ಲೆಗೆ ಅನ್ನನೀರು ಸೇರಲಿಲ್ಲ.

ಆಗ ಬಂದವಳು ಮಾಯ್ಕೆ. ನೆಲ್ಲೆಯ ಬಳಿಯೇ ಈಜು ಕಲಿತು, ಈಗ ಡೆಲ್ಫ್ಟ್‌ನ ವಿಶ್ವವಿದ್ಯಾಲಯದಲ್ಲಿ ಕಾಂಕ್ರೀಟಿನ ಸಂಶೋಧನೆ ಮಾಡುತ್ತಿದ್ದ ಹುಡುಗಿ.

"ಟೀಚರ್, ನಾವು ಮಾಡಿರೋ ಈ ಹೊಸ ಗಾರೆಯಲ್ಲಿ ಬ್ಯಾಕ್ಟೀರಿಯಾ ಮಲಗಿರ್ತವೆ. ಬಿರುಕಿಗೆ ನೀರಿಳಿದ್ರೆ ಎಚ್ಚರವಾಗಿ, ಜೊತೇಲಿ ಇಟ್ಟಿರೋ ಬುತ್ತಿ ತಿಂದು, ಸುಣ್ಣದಕಲ್ಲು ಮಾಡಿ ಬಿರುಕು ಮುಚ್ತವೆ."

"ಕಾಲು ತೊಳ್ಕೊಂಡು ನೀರಿಗಿಳೀರಿ ಅಂತ ಜೀವನಪೂರ್ತಿ ಬೈದಿದೀನಿ. ನೀನು ಕ್ರಿಮೀನ ಗೋಡೆಗೇ ಮೆತ್ತೋಕೆ ಬಂದಿದೀಯಲ್ಲೇ."

"ಇವು ಒಳ್ಳೆ ಮನೆತನದವು ಟೀಚರ್."

ನೆಲ್ಲೆ ನಕ್ಕಳು. ಸಭೆಗೆ ಹೋಗಿ ಮುಂದಿನ ಬೇಸಿಗೆಯವರೆಗೆ ಗಡುವು ಕೇಳಿ ಪಡೆದಳು. ಹಳೆ ತೇಪೆ ಕೆತ್ತಿ ಹೊಸ ಗಾರೆ ಬಳಿದದ್ದಾಯಿತು. ಚಳಿಗಾಲದ ಹಿಮ ಕರಗಿದ ಮೇಲೆ ನೋಡಿದರೆ ಹೊಸ ಗಾರೆಯಲ್ಲೂ ಕೂದಲೆಳೆಯ ಬಿರುಕುಗಳು.

"ಮುಗೀತು ಬಿಡು," ಎಂದಳು ನೆಲ್ಲೆ.

"ಇನ್ನೂ ಶುರುವೇ ಆಗಿಲ್ಲ. ನೀರು ತುಂಬ್ಸಿ. ಕ್ಲೋರಿನ್ ಮಾತ್ರ ಈಗ ಬೇಡ, ಪಾಪ, ಸತ್ತುಹೋಗ್ತವೆ."

ಮೊದಮೊದಲು ನೀರು ಎಂದಿನಂತೆ ಇಳಿಯಿತು. ದಿನಾ ಬೆಳಿಗ್ಗೆ ನೆಲ್ಲೆ ಕಾಫಿ ಲೋಟ ಹಿಡಿದು ಬಂದು ನೀರಿನ ಮಟ್ಟ ನೋಡಿ ಹೋಗುವಳು. ವಾರಗಳು ಕಳೆದಂತೆ ಇಳಿಯುವುದು ನಿಧಾನವಾಯಿತು. ಒಂದು ದಿನ ನಿಂತೇಹೋಯಿತು. ಅವಳು ಬಟ್ಟೆ ಸಮೇತ ನೀರಿಗಿಳಿದು ಗೋಡೆ ತಡವಿದಳು. ಬಿರುಕಿದ್ದಲ್ಲೆಲ್ಲ ಬೆರಳಿಗೆ ಒರಟಾದ ಬಿಳಿ ಗೆರೆ ತಾಕಿತು. ಅಲ್ಲೇ ನಿಂತು ಅತ್ತುಬಿಟ್ಟಳು. ಮೇಲೆ ಬಂದು ಮಾಯ್ಕೆಗೆ ಫೋನ್ ಮಾಡಿದಳು.

"ನಿನಗೆ ಹೇಗೆ ಋಣ ತೀರಿಸ್ಲಿ ಮಗಳೇ?"

"ನನಗೆ ಮುಳುಗದೆ ಇರೋದನ್ನ ಕಲಿಸಿದ್ರಲ್ಲ ಟೀಚರ್, ಸಾಲದಾ?"

ಸಭೆಯವರು ಬಂದು ನೋಡಿದರು, ಕೊಳ ಉಳಿಯಿತು. ಆ ಬೇಸಿಗೆಯ ಈಜು ಪರೀಕ್ಷೆಯ ದಿನ ಮಕ್ಕಳು, ಕಾಲುವೆಗೆ ಬಿದ್ದರೆ ಹೇಗಿರುವರೋ ಹಾಗೆ, ಅಂಗಿ, ಬೂಟು ತೊಟ್ಟೇ ನೀರಿಗೆ ಹಾರಿ, ಬುಸುಗುಡುತ್ತ ಆಚೆ ದಡ ಮುಟ್ಟಿದರು. ನೆಲ್ಲೆ ಒಬ್ಬೊಬ್ಬರನ್ನೂ ಕೈಹಿಡಿದು ಮೇಲಕ್ಕೆಳೆದುಕೊಂಡಳು.