ಡಾಲ್ಲೆಯ ಕೊನೆ ಯಾರೂ ಹೇಳಬೇಡಿ

ಮಂಗಳವಾರ, ಬೆಳಗಿನ ಐದೂಕಾಲು. ಡೇಗು ನಗರದ ಮುದ್ರಣ ಗಲ್ಲಿಯಲ್ಲಿ ಇನ್ನೂ ಒಂದು ಯಂತ್ರವೂ ಸದ್ದು ಮಾಡುತ್ತಿಲ್ಲ. ಮೂರನೇ ಮಹಡಿಯ ಕೋಣೆಯಲ್ಲಿ ಪ್ಯೋ ಯೊಂಗ್‌ರಾನ್ ಎಡಗೈಯ ತೋರುಬೆರಳನ್ನು ಬ್ರೈಲ್ ಹಾಳೆಯ ಮೇಲೆ ಓಡಿಸುತ್ತ ಗಟ್ಟಿಯಾಗಿ ಓದುತ್ತಿದ್ದಾರೆ. ಕಥೆಯಲ್ಲಿ ಕೋಟೆಯ ಉತ್ತರದ ಬಾಗಿಲು ಮುರಿದು ಬೀಳುತ್ತಿದೆ, ಶತ್ರುಗಳು ಒಳನುಗ್ಗುತ್ತಿದ್ದಾರೆ, ಕಣ್ಣಿಲ್ಲದ ಹುಡುಗಿಯೊಬ್ಬಳು ನಗಾರಿಯ ಮುಂದೆ ಒಬ್ಬಳೇ ನಿಂತಿದ್ದಾಳೆ. ಯೊಂಗ್‌ರಾನ್ ಅದನ್ನು ದಿನಸಿ ಚೀಟಿ ಓದಿದ ಹಾಗೆ ಓದುತ್ತಾರೆ. "ಉದ್ಧರಣ ಚಿಹ್ನೆ ಶುರು. ನಾನು ಇಲ್ಲಿಂದ ಕದಲೋಳಲ್ಲ. ಆಶ್ಚರ್ಯ ಚಿಹ್ನೆ. ಉದ್ಧರಣ ಚಿಹ್ನೆ ಮುಗೀತು. ಹೊಸ ಪ್ಯಾರಾ."

ಮೇಜಿನ ಆಚೆ ಬದಿಯಲ್ಲಿ ಬಾನ್ ಸುಕ್‌ಜಾ. ಅರವತ್ತಾರು ವರ್ಷ, ಶಾಲೆಯ ಅಡುಗೆಮನೆಯಿಂದ ನಿವೃತ್ತರಾದವರು. ಅವರ ಮುಂದೆ ಅದೇ ಕಥೆಯ ಅಚ್ಚಿನ ಪ್ರತಿ. ಊಟದ ಕಡ್ಡಿಯೊಂದನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಕಿವಿಗೊಟ್ಟು ಕೇಳುತ್ತಾರೆ. ಕೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದಿದ್ದರೆ ಕಡ್ಡಿಯಿಂದ ಮೇಜಿಗೆ ಟಕ್ ಎಂದು ಬಡಿಯುತ್ತಾರೆ. ಕಣ್ಣಿಲ್ಲದವರು ಓದುವುದು, ಕಣ್ಣಿದ್ದವರು ತಿದ್ದುವುದು, ಬ್ರೈಲ್ ಪುಸ್ತಕದ ಕರಡು ಇಲ್ಲಿ ಹೀಗೇ ತಿದ್ದಿಸಿಕೊಳ್ಳುತ್ತದೆ. ಕೆಲಸಕ್ಕೆ ಒಂದೇ ಒಂದು ಕಾನೂನಿದೆ. ಇಬ್ಬರಲ್ಲಿ ಯಾರು ಅತ್ತರೂ ಆ ಪುಟವನ್ನು ಮತ್ತೆ ಮೊದಲಿನಿಂದ ಓದಬೇಕು.

"ಅಕ್ಕ, ಮೂಗು ಸೊರ್ ಅಂತು."

"ನೆಗಡಿ ಕಣೇ."

"ನಿಂಗೆ ನೆಗಡಿ ಬರೋದು ಯುದ್ಧದ ಪುಟದಲ್ಲೇ ಯಾಕೆ? ನಡಿ, ಮೇಲಿಂದ."

ಸುಕ್‌ಜಾ ಬೈದುಕೊಂಡು ಕಡ್ಡಿಯನ್ನು ಪುಟದ ತಲೆಗೆ ತರುತ್ತಾರೆ. ಕಣ್ಣು ಮಂಜಾದರೆ ಸಾಲು ತಪ್ಪುತ್ತದೆ, ಸಾಲು ತಪ್ಪಿದರೆ ಚುಕ್ಕಿ ತಪ್ಪುತ್ತದೆ. ಎಂಟು ಗಂಟೆಗೆ ಕೆಳಮಹಡಿಯ ಯಂತ್ರಗಳು ಶುರುವಾದರೆ ಮೇಜು ನಡುಗಿ ಚುಕ್ಕಿ ಬೆರಳಿಗೆ ಸಿಕ್ಕುವುದಿಲ್ಲ. ಅಷ್ಟರೊಳಗೆ ಅರವತ್ತು ಪುಟ ಮುಗಿಯಬೇಕು.

ಪುಸ್ತಕದ ಹೆಸರು 'ಉಪ್ಪಿನ ಕೋಟೆ', ಮೂರನೆಯ ಮತ್ತು ಕೊನೆಯ ಭಾಗ. ಹದಿಹರೆಯದವರಿಗಾಗಿ ಬರೆದದ್ದು ಎನ್ನುತ್ತಾರೆ, ಆದರೆ ಬಸ್ಸಿನಲ್ಲಿ ಅಜ್ಜಿಯರ ಕೈಯಲ್ಲೂ ಕಂಡಿದ್ದೇನೆ. ನಾನೂರು ವರ್ಷದ ಹಿಂದಿನ ಯುದ್ಧ. ಮದ್ದಿನ ಹೊಗೆಗೆ ಕಣ್ಣು ಕಳೆದುಕೊಂಡ ಹದಿನಾರರ ಹುಡುಗಿ ಡಾಲ್ಲೆ. ಜನರನ್ನು ಬಿಟ್ಟು ತಾನು ಜೀವ ಉಳಿಸಿಕೊಳ್ಳಲು ಹೊರಟ ಸೇನಾಪತಿ. ಅವನ ಅಪ್ಪಣೆ ಮೀರಿ ನಗಾರಿ ಬಾರಿಸಿ ದಂಗೆ ಎಬ್ಬಿಸುವ ಅದೇ ಹುಡುಗಿ. ಮೂರನೇ ಭಾಗ ಅಂಗಡಿಗೆ ಬರಲು ಇನ್ನು ಹನ್ನೊಂದು ದಿನ, ಶನಿವಾರ ಬೆಳಗ್ಗೆ ಹತ್ತಕ್ಕೆ. ಬ್ರೈಲ್‌ನಲ್ಲಿ ಅದು ಆರು ಸಂಪುಟ, ಒಂಬೈನೂರ ನಲವತ್ತು ಪುಟ. ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೇ ಅಂಧರ ಶಾಲೆಯ ಹುಡುಗಿಯರ ಕೈಯಲ್ಲೂ ಅದು ಇರಬೇಕು ಎಂಬುದು ಯೊಂಗ್‌ರಾನ್ ಹಟ. ಈ ಐದು ಜನರ ಪುಟ್ಟ ಮುದ್ರಣಾಲಯದಲ್ಲಿ ಅಂಥದ್ದು ಇದುವರೆಗೆ ಒಮ್ಮೆಯೂ ನಡೆದಿಲ್ಲ.

ಹಟಕ್ಕೆ ಬೇರು ಹಳೆಯದು. ಯೊಂಗ್‌ರಾನ್ ಹುಟ್ಟಿದ್ದು ಪೂರ್ವ ಕರಾವಳಿಯ ಉಲ್ಜಿನ್ ಕಡೆಯ ಮೀನುಗಾರರ ಮನೆಯಲ್ಲಿ. ಆರನೇ ವಯಸ್ಸಿನಲ್ಲಿ ದಡಾರ ಬಂದು ಕಣ್ಣು ಹೋಯಿತು. ಹದಿಮೂರರಲ್ಲಿ, ಅಣ್ಣನ ಕೈಯಲ್ಲಿ ಒಂದು ಕಾದಂಬರಿ ನೋಡಿ, ಅಂದರೆ ಅವನು ಪುಟ ತಿರುಗಿಸುವ ಸದ್ದು ಕೇಳಿ, ತನಗೂ ಬೇಕೆಂದು ಶಾಲೆಗೆ ಕಾಗದ ಬರೆದರು. ಬ್ರೈಲ್ ಪ್ರತಿ ಬರಲು ಎರಡು ವರ್ಷ ಹಿಡಿಯಿತು.

"ಅಷ್ಟರಲ್ಲಿ ಅಣ್ಣ ಊಟಕ್ಕೆ ಕೂತಾಗ ಒಂದಿನ, ಆ ಹುಡುಗಿ ಸೇತುವೆ ಮೇಲೆ ಸಾಯ್ತಾಳೆ ಕಣೇ ಅಂದ್ಬಿಟ್ಟ. ಪಾಪ, ಬೇಕಂತ ಅಲ್ಲ. ನಾನು ಅನ್ನದ ಬಟ್ಟಲು ಎತ್ತಿ ಅವನ ಕಡೆ ಎಸೆದೆ. ಗುರಿ ತಪ್ಪಿ ಅಪ್ಪನಿಗೆ ಬಿತ್ತು" ಎಂದು ನಗುತ್ತಾರೆ. ಮರುಕ್ಷಣ ನಗು ನಿಲ್ಲುತ್ತದೆ. "ಎರಡು ವರ್ಷ ಆದ್ಮೇಲೆ ಪುಸ್ತಕ ಬಂತು. ಓದ್ದೆ. ಪ್ರತಿ ಪುಟದಲ್ಲೂ ಅವಳು ನಗ್ತಾ ಓಡಾಡ್ತಾಳೆ, ನಂಗೆ ಮಾತ್ರ ಗೊತ್ತು, ಇವಳು ಸಾಯ್ತಾಳೆ ಅಂತ. ಯಾರೋ ಉಂಡು ಬಿಟ್ಟ ತಟ್ಟೇಲಿ ಉಂಡ ಹಾಗಾಯ್ತು ನೋಡಿ."

ಶಾಲೆ ಮುಗಿದ ಮೇಲೆ ಆ ಕಾಲದ ಎಲ್ಲ ಅಂಧ ಹುಡುಗಿಯರಂತೆ ಯೊಂಗ್‌ರಾನ್ ಕೂಡ ಮಸಾಜ್ ಕೆಲಸಕ್ಕೆ ಹೋದರು. ಹನ್ನೊಂದು ವರ್ಷ ಬೇರೆಯವರ ಬೆನ್ನು ಒತ್ತಿದರು. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ಈಗ ಐವತ್ತಮೂರರ ವಯಸ್ಸಿನಲ್ಲೂ ಅವರ ಬೆರಳಿಗೆ ಮದುವಣಗಿತ್ತಿಯ ಉಪಚಾರ. ಪಾತ್ರೆ ತೊಳೆಯಲು ಕೈಗವಸು, ಬಿಸಿ ಬಟ್ಟಲು ಮುಟ್ಟುವುದಿಲ್ಲ, ಚಳಿಗಾಲಕ್ಕೆ ಮುಂಚೆ ಇಡೀ ಮನೆ ಸೇರಿ ವರ್ಷದ ಕೋಸಿನ ಉಪ್ಪಿನಕಾಯಿ, ಕಿಮ್ಚಿ, ಕಲಸುವಾಗ ಉಪ್ಪು ಖಾರಕ್ಕೆ ಕೈ ಹಾಕುವುದಿಲ್ಲ. ಹಾಕಿದರೆ ಮೂರು ದಿನ ಚುಕ್ಕಿ ಸರಿಯಾಗಿ ತಿಳಿಯುವುದಿಲ್ಲವಂತೆ.

"ನಮ್ಮತ್ತೆ ಪ್ರತಿ ವರ್ಷ ಕೇಳ್ತಾರೆ, ನಿನ್ನ ಬೆರಳೇನು ಚಿನ್ನದ್ದಾ ಅಂತ. ಹೌದತ್ತೆ, ಚಿನ್ನದ್ದೇ, ನೀವು ಕಲಸಿ, ನಾನು ತಿಂತೀನಿ ಅಂತೀನಿ."

ಅಂಥ ಚಿನ್ನದ ಬೆರಳೂ ಒಮ್ಮೆ ಮುಗ್ಗರಿಸಿದೆ. 'ಉಪ್ಪಿನ ಕೋಟೆ'ಯ ಎರಡನೇ ಭಾಗ ಬ್ರೈಲ್‌ಗೆ ಬಂದದ್ದು ಅಚ್ಚಾಗಿ ಹನ್ನೊಂದು ತಿಂಗಳ ಮೇಲೆ. ರಟ್ಟು ಕಟ್ಟುವ ದಿನ ಯೊಂಗ್‌ರಾನ್ ಹರಟೆ ಹೊಡೆಯುತ್ತ ಸಂಪುಟಗಳಿಗೆ ಸಂಖ್ಯೆಯ ಚೀಟಿ ಅಂಟಿಸುವಾಗ ನಾಲ್ಕಕ್ಕೆ ಐದು, ಐದಕ್ಕೆ ನಾಲ್ಕು ಅಂಟಿಸಿಬಿಟ್ಟರು. ಹೀಗಾಗಿ ಶಾಲೆಯ ಹುಡುಗಿಯರು ಡಾಲ್ಲೆಯ ನಗಾರಿ ಗುರುವಿನ ಶವಯಾತ್ರೆಯನ್ನು ಮೊದಲು ಓದಿದರು. ಮುಂದಿನ ಸಂಪುಟ ತೆರೆದರೆ ಗುರು ಆರಾಮಾಗಿ ಕುಳಿತು ಪಾಠ ಹೇಳುತ್ತಿದ್ದಾನೆ.

ತಪ್ಪು ತಿಳಿದ ದಿನ ಯೊಂಗ್‌ರಾನ್ ಕ್ಷಮೆ ಕೇಳಲು ಶಾಲೆಗೆ ಓಡಿದರು. ನಾಮ್ ಯೆದಾಮ್ ಎಂಬ ಹದಿನೈದರ ಹುಡುಗಿ ಅವರ ಕೈ ಹಿಡಿದು ಕುಣಿದಳಂತೆ. "ಟೀಚರ್, ಸತ್ತೋನು ದೆವ್ವವಾಗಿ ಬಂದು ನಗಾರಿ ಕಲಿಸ್ತಾನೆ! ನನ್ನ ತಂಗಿ ಇಡೀ ಕಥೆ ಹೇಳಿದ್ಲು, ಇದೊಂದು ಹೇಳಿರಲಿಲ್ಲ!"

ಈ ಘಟನೆ ಹೇಳುವಾಗ ಯೊಂಗ್‌ರಾನ್ ಧ್ವನಿ ತಗ್ಗುತ್ತದೆ. "ಆ ಮಕ್ಕಳಿಗೆ ಪುಸ್ತಕದಲ್ಲಿ ಮೊದಲನೇ ಸಲ ಗೊತ್ತಿಲ್ಲದ್ದೇನೋ ಸಿಕ್ತು. ಅದೂ ನನ್ನ ತಪ್ಪಿಂದ. ಬಸ್ಸಲ್ಲಿ ಬರ್ತಾ ಅತ್ತುಬಿಟ್ಟೆ. ಮೂರನೇ ಭಾಗ ಅದೇ ದಿನ ಕೊಡ್ತೀನಿ, ಆಗಲಿಲ್ಲ ಅಂದ್ರೆ ಈ ಕೆಲಸಾನೇ ಬೇಡ ಅಂದ್ಕೊಂಡೆ."

ಅದಕ್ಕೆ ಪ್ರಕಾಶಕರು ಪುಸ್ತಕವನ್ನು ಮೂರು ತಿಂಗಳು ಮೊದಲೇ ಕೊಡಬೇಕು. ಕಥೆಯ ಕೊನೆ ಬಯಲಾದರೆ ಮಾರಾಟ ಕೆಡುತ್ತದೆ ಎಂದು ಅವರು ಮೂರು ಸಲ ಇಲ್ಲ ಎಂದರು. ನಾಲ್ಕನೇ ಸಲ ಯೊಂಗ್‌ರಾನ್ ಕಾಗದ ಬರೆಯಲಿಲ್ಲ, ರೈಲು ಹತ್ತಿ ರಾಜಧಾನಿ ಸೋಲ್‌ಗೆ ಹೋದರು. ಪ್ರಕಾಶಕರ ಕಚೇರಿಯ ಹೊರಕೋಣೆಯಲ್ಲಿ ಕುಳಿತು, ಬ್ರೈಲ್ ಹಲಗೆಯ ಮೇಲೆ ಮೊಳೆಯಿಂದ ಟುಕ್ ಟುಕ್ ಎಂದು ಚುಕ್ಕಿ ಒತ್ತತೊಡಗಿದರು. ಬೆಳಗ್ಗೆ ಒಂಬತ್ತಕ್ಕೆ ಶುರುವಾದ ಸದ್ದು ಊಟದ ಹೊತ್ತಾದರೂ ನಿಲ್ಲಲಿಲ್ಲ. ಕೊನೆಗೆ ಸಂಪಾದಕರೇ ಹೊರಬಂದರು.

"ಏನು ಬರೀತಿದ್ದೀರಿ ಮೇಡಂ?"

"ನಿಮ್ಮ ಮೂರನೇ ಭಾಗ. ನೀವು ಕೊಡಲ್ವಲ್ಲ, ನಾನೇ ಕಟ್ಕೋತಿದ್ದೀನಿ. ನನ್ನ ಕಥೇಲಿ ಡಾಲ್ಲೆ ಮೊದಲು ಪ್ರಕಾಶಕರ ಮನೆಗೆ ಬೆಂಕಿ ಇಡ್ತಾಳೆ."

ಸಂಪಾದಕರು ನಕ್ಕರೂ ಬಗ್ಗಲಿಲ್ಲ. ಪ್ರತಿ ಹೊರಗೆ ಹೋದರೆ ಯಾರಾದರೂ ಕದಿಯುತ್ತಾರೆ ಎಂದರು. "ಬ್ರೈಲ್ ಮಾಡಿದ್ಮೇಲೆ ಕದೀಲಿ ಬಿಡಿ. ಕದ್ದೋನು ಓದೋದಾದ್ರೂ ಹೇಗೆ?" ಎಂದು ಯೊಂಗ್‌ರಾನ್ ಕೇಳಿದರು. ಸಂಜೆ ಆರಕ್ಕೆ ಒಪ್ಪಿಗೆ ಸಿಕ್ಕಿತು. ಕಥೆ ಗೊತ್ತಾಗಬೇಕಾದದ್ದು ಇಬ್ಬರಿಗೆ ಮಾತ್ರ, ಮನೆಯವರಿಗೂ ಬಾಯಿ ಬಿಡುವಂತಿಲ್ಲ ಎಂಬ ಷರತ್ತಿನ ಮೇಲೆ. ಇವರ ಬಗ್ಗೆ ಬರೆಯಲು ಬಂದ ನನ್ನಿಂದಲೂ ಸಹಿ ಹಾಕಿಸಿಕೊಂಡಿದ್ದಾರೆ. ಆರನೇ ಸಂಪುಟದ ಕರಡು ಮೇಜಿಗೆ ಬಂದ ಬೆಳಗ್ಗೆ ಸುಕ್‌ಜಾ ಬಾಗಿಲು ತೋರಿಸಿ, "ಚಹಾ ಕುಡ್ಕೊಂಡು ಬನ್ನಿ, ನಿಧಾನವಾಗಿ" ಎಂದು ನನ್ನನ್ನು ಓಡಿಸುತ್ತಾರೆ.

ಹುಡುಗಿಯರಿಗೆ ಇರುವುದು ಒಂದೇ ಪ್ರಶ್ನೆ. ಡಾಲ್ಲೆಗೆ ಕೊನೆಯಲ್ಲಿ ಕಣ್ಣು ಬರುತ್ತದೆಯೇ? ಹಳೆಯ ಕಥೆಗಳಲ್ಲಿ ಕುರುಡರು ಒಳ್ಳೆಯವರಾದರೆ ಸಾಕು, ಕೊನೆಗೆ ಕಣ್ಣು ಬಂದೇ ಬರುತ್ತದೆ. "ಇವಳಿಗೂ ಕಣ್ಣು ಬಂದ್ರೆ ಆರೂ ಸಂಪುಟ ಕಿಟಕಿಯಿಂದ ಎಸೀತೀನಿ" ಎಂದು ಯೆದಾಮ್ ಘೋಷಿಸಿದ್ದಾಳೆ. ಯೊಂಗ್‌ರಾನ್‌ಗೆ ಉತ್ತರ ಗೊತ್ತು. ಕೇಳಿದವರಿಗೆಲ್ಲ ಒಂದೇ ಮಾತು: "ಬೆರಳಿಲ್ವಾ? ಓದು."

ಬಿಡುಗಡೆಗೆ ಐದು ದಿನವಿರುವಾಗ, ಸೋಮವಾರ, ಸೋಲ್‌ನಿಂದ ಮೂವತ್ತೊಂದು ಹೊಸ ಪುಟಗಳು ಬರುತ್ತವೆ. ಲೇಖಕಿ ಕೊನೆಯ ಅಧ್ಯಾಯಗಳನ್ನು ತಿದ್ದಿದ್ದರು, ಅಚ್ಚಿಗೂ ಅದೇ ಹೋಗಿತ್ತು, ಇಲ್ಲಿಗೆ ಬಂದದ್ದು ಮಾತ್ರ ಈಗ. ಆರನೇ ಸಂಪುಟದ ಇಪ್ಪತ್ತನಾಲ್ಕು ಪ್ರತಿಗಳು ಆಗಲೇ ಒತ್ತಿ, ರಟ್ಟು ಕಟ್ಟಿ, ಸಾಲಾಗಿ ನಿಂತಿವೆ. ಮುದ್ರಣಾಲಯದ ಯಜಮಾನರು ಕೆಟ್ಟವರಲ್ಲ, ಸುಸ್ತಾದವರು. ಹಳೆಯದೇ ಹೋಗಲಿ, ಆಮೇಲೆ ತಿದ್ದಿದರಾಯಿತು ಎನ್ನುತ್ತಾರೆ. "ಹುಡುಗೀರಿಗೆ ಏನು ಗೊತ್ತಾಗುತ್ತೆ?"

ಯೊಂಗ್‌ರಾನ್ ಎದ್ದು ನಿಲ್ಲುತ್ತಾರೆ. "ಎಲ್ಲಾ ಗೊತ್ತಾಗುತ್ತೆ. ಬರೋ ಸೋಮವಾರ ಬಸ್ಸಲ್ಲಿ ಪಕ್ಕದ ಹುಡುಗಿ ಕೊನೆ ಬಗ್ಗೆ ಮಾತಾಡಿದ ತಕ್ಷಣ ಗೊತ್ತಾಗುತ್ತೆ. ನಂದು ಬೇರೆ ಪುಸ್ತಕ, ನಂಗೆ ಹಳಸಿದ್ದು ಕೊಟ್ಟಿದ್ದಾರೆ ಅಂತ. ಉಳಿದವರಿಗೆ ಬಿಸಿ ಅನ್ನ, ನಮಗೆ ತಂಗಳಾ? ನಾನು ಕಳಿಸಲ್ಲ."

"ಮತ್ತೇನು ಮಾಡ್ತೀಯಮ್ಮ?"

"ನೂರೈವತ್ತೈದು ಪುಟ. ಮತ್ತೆ ಒತ್ತಿ. ಓದೋದು ನಮ್ಮ ಪಾಡು."

ಒಂದು ಸಾಲು ಸೇರಿದರೆ ಬ್ರೈಲ್‌ನಲ್ಲಿ ಮುಂದಿನ ಪುಟಗಳೆಲ್ಲ ಕದಲುತ್ತವೆ. ಅಧ್ಯಾಯಗಳೂ ಅತ್ತಿತ್ತ ಸರಿದಿವೆ, ಸಂಪುಟ ಪೂರ್ತಿ ಹೊಸದೇ. ಮಂಗಳವಾರದಿಂದ ಗುರುವಾರದವರೆಗೆ ಇಬ್ಬರೂ ನಾಲ್ಕು ಗಂಟೆಗೇ ಬರುತ್ತಾರೆ. ಬುಧವಾರ ನಾನು ಹೊರಗೆ ಮೆಟ್ಟಿಲ ಮೇಲೆ ಕುಳಿತು ಚಪ್ಪಟೆ ಮಂಡು ಕಡುಬು ತಿನ್ನುತ್ತಿರುವಾಗ ಒಳಗೆ ಓದು ಇದ್ದಕ್ಕಿದ್ದಂತೆ ನಿಲ್ಲುತ್ತದೆ.

"ಯೊಂಗ್‌ರಾನ್. ಮೇಲಿಂದ."

"ನಂಗೂ ನೆಗಡಿ ಕಣಕ್ಕ."

ಇಬ್ಬರೂ ಜೊತೆಗೆ ಕೂತಷ್ಟು ವರ್ಷದಲ್ಲಿ ಯೊಂಗ್‌ರಾನ್ ಕಾರಣಕ್ಕೆ ಪುಟವೊಂದು ಮೊದಲಿನಿಂದ ಶುರುವಾದದ್ದು ಅದೇ ಮೊದಲು ಎಂದು ಸುಕ್‌ಜಾ ಆಮೇಲೆ ನನಗೆ ಹೇಳುತ್ತಾರೆ. ದುಃಖಕ್ಕೋ ಸಂತೋಷಕ್ಕೋ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಪುಸ್ತಕಗಳು ಶಾಲೆಗೆ ಹೊರಡುತ್ತವೆ. ಅದಕ್ಕೆ ಮುಂಚೆ ಯೊಂಗ್‌ರಾನ್ ಪ್ರತಿಯೊಂದು ಸಂಪುಟ ತೆರೆದು ಮೊದಲ ಸಾಲು ಸವರಿ, ಮೇಲಿನ ಚೀಟಿ ಸವರುತ್ತಾರೆ. ನೂರ ನಲವತ್ತನಾಲ್ಕು ಸಲ. ಈ ಬಾರಿ ಯಾರೊಂದಿಗೂ ಹರಟೆಯಿಲ್ಲ. ಶನಿವಾರ ಹತ್ತಕ್ಕೆ, ಊರಿನ ಪುಸ್ತಕದಂಗಡಿಗಳ ಮುಂದೆ ಸಾಲು ನಿಂತ ಹೊತ್ತಿಗೇ ಹಾಸ್ಟೆಲಿನಲ್ಲಿ ಪೆಟ್ಟಿಗೆ ಒಡೆಯುತ್ತದೆ.

ಭಾನುವಾರ ಮಧ್ಯಾಹ್ನ ನಾನು ಯೊಂಗ್‌ರಾನ್ ಜೊತೆ ಹಾಸ್ಟೆಲಿಗೆ ಹೋಗುತ್ತೇನೆ. ಮಂಚದ ಮೇಲೆ ರಾತ್ರಿಯೆಲ್ಲ ಓದಿ ನಿದ್ದೆಗೆಟ್ಟ ಯೆದಾಮ್, ಮಡಿಲಲ್ಲಿ ಮುಚ್ಚಿದ ಆರನೇ ಸಂಪುಟ. ಕಿಟಕಿಯಿಂದ ಎಸೆಯುತ್ತೀಯಾ ಎಂದು ಕೇಳುತ್ತೇನೆ. "ಎಸೀತೀನಿ ಅಂದ್ರೂ ಎಸೆಯಲ್ಲ ಅಂದ್ರೂ ಕೊನೆ ಹೇಳಿದ ಹಾಗೇ. ಕೇಳಬೇಡಿ" ಎಂದು ನನ್ನನ್ನೇ ಗದರುತ್ತಾಳೆ. ಅಷ್ಟರಲ್ಲಿ ಅವಳ ಫೋನ್ ಬಡಿದುಕೊಳ್ಳುತ್ತದೆ. ಪೊಹಾಂಗ್‌ನಿಂದ ಕಣ್ಣಿರುವ ತಂಗಿ, ಅಚ್ಚಿನ ಪುಸ್ತಕ ಓದಿ ಪ್ರತಿ ಸಲ ಕಥೆ ಮೊದಲೇ ಹೇಳಿಬಿಡುವವಳು.

"ಅಕ್ಕ, ನಾನು ಇನ್ನೂರನೇ ಪುಟದಲ್ಲಿದ್ದೀನಿ, ಏನಾಯ್ತು ಗೊತ್ತಾ..."

"ಇನ್ನೂರಾ? ಅಷ್ಟೇನಾ?" ಯೆದಾಮ್ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾಳೆ. "ನಂದು ಮುಗೀತು. ಕೊನೆ ಹೇಳಲಾ?"

"ಬೇಡ ಅಕ್ಕ! ಬೇಡ, ದಮ್ಮಯ್ಯ! ಇಟ್ಬಿಡ್ತೀನಿ!"

ಫೋನ್ ಇಟ್ಟಾಗಿದೆ. ಕೋಣೆಯ ಹುಡುಗಿಯರೆಲ್ಲ ಮಂಚ ಬಡಿದು ನಗುತ್ತಿದ್ದಾರೆ. ಯೆದಾಮ್ ಕೆಂಪಾದ ಮುಖವನ್ನು ಪುಸ್ತಕದ ಮೇಲೆ ಒತ್ತಿಕೊಂಡಿದ್ದಾಳೆ.

ಹೊರಗೆ ಬಸ್ಸಿಗೆ ಕಾಯುವಾಗ ಯೊಂಗ್‌ರಾನ್ ಕೈಗವಸು ಏರಿಸಿಕೊಳ್ಳುತ್ತಾರೆ. ಅದೇ ದಿನ ಬೇಕೆಂದಿರಿ, ಸಿಕ್ಕಿತು, ಇನ್ನೇನು ಆಸೆ ಎಂದು ಕೇಳುತ್ತೇನೆ. ಬಸ್ಸು ತಿರುವಿನಲ್ಲಿರುವುದು ನನಗೆ ಕಾಣುವ ಮೊದಲೇ ಅವರಿಗೆ ಕೇಳಿಸಿದೆ, ಒಂದು ಹೆಜ್ಜೆ ಮುಂದೆ ಇಡುತ್ತಾರೆ.

"ದೊಡ್ಡದೇನಿಲ್ಲಪ್ಪ. ಮುಂದಿನ ಪುಸ್ತಕ ನಮಗೆ ಒಂದು ದಿನ ಮೊದಲು ಕೊಡಲಿ. ಇಷ್ಟು ವರ್ಷ ನಾವು ಕಾದಿದ್ದೀವಿ. ಒಂದೇ ಒಂದು ದಿನ ಅವರು ಕಾಯಲಿ."