ತಾರಸಿ ಬೀಗದ ಕೈಗಳು

ಚಿಕ್ಕಪ್ಪನ ಮಗ ಶಿವಮೊಗ್ಗದ ವಿದ್ಯಾನಗರದಲ್ಲಿ ಹೊಸ ಆಫೀಸು ತೆರೆಯುತ್ತಿದ್ದೇನೆಂದು ಮೊಬೈಲಿಗೆ ಆಹ್ವಾನ ಕಳಿಸಿದಾಗ, ನಾನು ಭದ್ರಾವತಿ ಓಲ್ಡ್ ಟೌನಿನ ನನ್ನ ಅಂಗಡಿಯಲ್ಲಿ ಯಾರದೋ ರೂಟರಿನ ಧೂಳು ಒರೆಸುತ್ತ ಕೂತಿದ್ದೆ. ಚಿತ್ರದಲ್ಲಿ ಗಾಜಿನ ಕಟ್ಟಡ, ಅದರ ಮುಂದೆ ಕೈಕಟ್ಟಿ ನಿಂತ ಅವನು. ‘ಅಕ್ಕ, ನೀನೇ ಬಂದು ದೀಪ ಹಚ್ಚಬೇಕು’ ಎಂದು ಕೆಳಗೆ ಬರೆದಿದ್ದ. ಎಷ್ಟು ಒಳ್ಳೆಯ ಮಾತು! ಓದಿ ನನಗೆ ಹೊಟ್ಟೆ ಉರಿಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವನ ಕಟ್ಟಡದ ಮೇಲೆ, ಅವನ ಇಸ್ತ್ರಿ ಶರ್ಟಿನ ಮೇಲೆ, ಕಡೆಗೆ ಅವನ ವಿನಯದ ಮೇಲೂ ನನಗೆ ಹೊಟ್ಟೆಕಿಚ್ಚು.

ನಾವಿಬ್ಬರೂ ಒಟ್ಟಿಗೆ ಕೇಬಲ್ ಟೀವಿಯಿಂದ ಶುರು ಮಾಡಿದವರು. ಜನ ಇಂಟರ್ನೆಟ್ ಕೇಳತೊಡಗಿದಾಗ ಅದೇ ದಾರಿಯಲ್ಲಿ ಫೈಬರ್ ಎಳೆದೆವು. ಬೇರೆಯಾಗುವಾಗ ಭದ್ರಾ ಹೊಳೆಯನ್ನೇ ಗಡಿ ಮಾಡಿಕೊಂಡೆವು. ಕೇಬಲಿನವರಲ್ಲಿ ಇದು ಬಾಯಿಮಾತಿನ ಕಟ್ಟಳೆ. ಒಬ್ಬರ ಏರಿಯಾದೊಳಗೆ ಇನ್ನೊಬ್ಬರು ವೈರ್ ಎಳೆಯುವುದಿಲ್ಲ. ದೊಡ್ಡವಳೆಂದು ಅವನು ಮೊದಲ ಆಯ್ಕೆ ನನಗೆ ಬಿಟ್ಟ. ನಾನು ಓಲ್ಡ್ ಟೌನ್ ಇಟ್ಟುಕೊಂಡೆ. ಗೋಡೆಗೆ ಗೋಡೆ ಅಂಟಿದ ಮನೆಗಳು, ಸ್ವಲ್ಪ ವೈರಿಗೆ ತುಂಬ ಗಿರಾಕಿಗಳು. ಹೊಳೆಯಾಚೆಯ, ದೂರ ದೂರ ಮನೆಗಳ ಕಾರ್ಖಾನೆ ಕ್ವಾರ್ಟರ್ಸು ಅವನ ಪಾಲಿಗೆ ಬಂತು. ಪಾಪ ಎಂದುಕೊಂಡು ಒಳಗೊಳಗೇ ನಕ್ಕೆ.

ಆಮೇಲೆ ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾಗಿ ಕ್ವಾರ್ಟರ್ಸಿನ ಮನೆಗಳು ಒಂದೊಂದಾಗಿ ಖಾಲಿಯಾದವು. ಅಲ್ಲಿ ಹೊಟ್ಟೆ ತುಂಬುವುದಿಲ್ಲವೆಂದು ಅವನು ಶಿವಮೊಗ್ಗಕ್ಕೆ ಹೋದ. ಹೋದವನು ಬೆಳೆದ. ಹೊಳೆಯ ಈಚೆ ದಡ ಎಲ್ಲಿ ಮುಗಿಯುತ್ತದೆಂದು ನನಗೆ ಗೊತ್ತಿತ್ತು. ಆಚೆ ದಡ ಮುಗಿಯುವುದೇ ಇಲ್ಲ ಎಂಬುದು ಹೊಳೆದಿರಲಿಲ್ಲ. ಒಳ್ಳೆಯ ಪಾಲು ಆರಿಸಿಕೊಂಡ ಜಾಣೆ ನಾನು!

ಉದ್ಘಾಟನೆಗೆ ಹೋದೆ. ರೇಷ್ಮೆ ಸೀರೆಯನ್ನೇ ಉಟ್ಟೆ, ಅವನಿಗಿಂತ ಕಡಿಮೆ ಕಾಣಬಾರದಲ್ಲ. ಲಿಫ್ಟಿನ ಒಳಗೆ ಕನ್ನಡಿಯಿತ್ತು. ಅದರಲ್ಲಿ ನನ್ನ ಮುಖ ನೋಡಿ, ದೀಪ ಹಚ್ಚಲು ಬಂದವಳ ಮುಖ ಇದಲ್ಲ ಎನ್ನಿಸಿ ಸರಿಪಡಿಸಿಕೊಂಡೆ. ಒಳಗೆ ಒಂದೇ ಬಣ್ಣದ ಟೀ ಶರ್ಟಿನ ಹುಡುಗ ಹುಡುಗಿಯರು. ಗೋಡೆಯ ತುಂಬ ಜಿಲ್ಲೆಯ ನಕ್ಷೆ, ಅವನ ಲೈನು ಹೋದಲ್ಲೆಲ್ಲ ನೀಲಿ ಗೆರೆ.

“ಅಕ್ಕ, ನೀನೂ ಸೇರ್ಕೊಂಡ್ಬಿಡು. ಅಂಗ್ಡಿ ಮೇಲೆ ನಮ್ಮ ಬೋರ್ಡು, ಒಳಗೆ ನೀನೇ ಯಜಮಾನಿ. ಒಬ್ಳೇ ಎಷ್ಟು ದಿನ ಏಣಿ ಹೊರ್ತೀಯ?” ಎಂದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಓಲ್ಡ್ ಟೌನಿನಲ್ಲಿ ಹೊಸ ಮನೆ ಏಳಲು ಜಾಗವಿಲ್ಲ. ಮದುವೆಯಾದ ಮಕ್ಕಳು ಶಿವಮೊಗ್ಗದಲ್ಲಿ ಮನೆ ಹಿಡಿಯುತ್ತಾರೆ, ನನ್ನ ಕನೆಕ್ಷನ್ ಬಿಟ್ಟು ಅವನದು ಹಾಕಿಸಿಕೊಳ್ಳುತ್ತಾರೆ. ಸುಮ್ಮನೆ ಕೂತರೆ ನನ್ನ ಕಂಪನಿ ಸವೆಯುತ್ತ ಹೋಗುತ್ತದೆ. ಸೇರಿದರೆ ನಾನೂ ಆ ನೀಲಿ ಗೆರೆಯಲ್ಲಿ ಒಂದಾಗುತ್ತೇನೆ. “ಯೋಚ್ನೆ ಮಾಡ್ತೀನಿ” ಎಂದು ದೊಡ್ಡವಳಂತೆ ಹೇಳಿ ಬಂದೆ. ಮನೆಯಲ್ಲಿ ಅವನ ಲಿಫ್ಟನ್ನು ಆಡಿಕೊಳ್ಳುತ್ತಲೇ ಇದ್ದುದನ್ನು ಕೇಳಿ ನಮ್ಮ ಯಜಮಾನರು, “ನಿನ್ನ ಹೊಟ್ಟೆ ಉರಿಗೆ ಹಂಡೆ ನೀರು ಕಾಯ್ತದೆ ಮಾರಾಯ್ತಿ, ಗೀಸರ್ ತೆಗ್ಸಿಬಿಡೋಣ” ಎಂದರು. ನನಗೆ ನಗು ಬರಲಿಲ್ಲ.

ಮಾರನೆಯ ವಾರ ಅವನಿಗೆ ಹೂಂ ಎಂದೆ. ಬೆಳೆಯಬೇಕೆಂಬ ಆಸೆಗಿಂತ, ಅವನ ನಕ್ಷೆಯಲ್ಲಿ ನನ್ನ ಊರು ಬಿಳಿಯಾಗಿ ಉಳಿದಿದ್ದು ಸಹಿಸಲಾಗಲಿಲ್ಲ. ಮೊದಲು ಲೈನೆಲ್ಲ ನೋಡಿ ನಕ್ಷೆ ಮಾಡಬೇಕೆಂದು ಅವನು ಇಬ್ಬರು ಎಂಜಿನಿಯರುಗಳನ್ನು ಕಳಿಸಿದ.

ಓಲ್ಡ್ ಟೌನಿನ ಗಲ್ಲಿಗಳಲ್ಲಿ ಕಂಬ ನೆಡಲು ಜಾಗವಿಲ್ಲ. ನನ್ನ ಫೈಬರೆಲ್ಲ ತಾರಸಿಯಿಂದ ತಾರಸಿಗೆ ಹೋಗುತ್ತದೆ. ಲೈನು ಕೆಟ್ಟಾಗ ಮನೆಯವರು ಊರಲ್ಲಿರದಿದ್ದರೆ ಕಷ್ಟವೆಂದು, ಮನೆಗೊಂದರಂತೆ ಹೊರಗಿನ ಮೆಟ್ಟಿಲ ಮೇಲಿನ ತಾರಸಿ ಬಾಗಿಲ ಕೀ ನನ್ನ ಕೈಗೆ ಕೊಟ್ಟಿದ್ದಾರೆ. ರುಜುವಿಲ್ಲ, ರಸೀದಿಯಿಲ್ಲ. ಅಂಗಡಿಯ ಹಲಗೆಯೊಂದರ ಮೇಲೆ ಮೊಳೆಗೊಂದರಂತೆ ಅವೆಲ್ಲ ತೂಗುತ್ತವೆ. ಕೇಬಲ್ ಕಾಲದಿಂದ ಇದೇ ಪದ್ಧತಿ. ಇದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ. ಬಂದ ಎಂಜಿನಿಯರುಗಳ ಕೈಗೆ ಕೀಗಳನ್ನು ಎಣಿಸದೆ ಕೊಟ್ಟು, ಹೋಗಿ ನೋಡಿಕೊಂಡು ಬನ್ನಿ ಎಂದೆ. ಜೊತೆಗೆ ಹೋಗಲಿಲ್ಲ. ಯಜಮಾನಿಯಾಗುವವಳು ಏಣಿ ಹತ್ತುವುದೇಕೆ ಎಂದು ಕುರ್ಚಿಯಲ್ಲಿ ಒರಗಿ ಕೂತೆ.

ಮಧ್ಯಾಹ್ನ ನಮ್ಮ ಗಲ್ಲಿಗೆಲ್ಲ ಚಿಕ್ಕಮ್ಮನಂತಿರುವ ಖಾಲಾ ಅಂಗಡಿಗೆ ಬಂದರು. ನಮ್ಮ ಮೊದಲ ಗಿರಾಕಿ ಅವರೇ. ರಂಜಾನ್ ಹಬ್ಬಕ್ಕೆ ಶೀರ್ ಖುರ್ಮಾ ಪಾಯಸ ಕಳಿಸುತ್ತಾರೆ, ಟೀವಿ ನಿಂತರೆ ಬೈಯುತ್ತಾರೆ. ಆ ದಿನ ಬೈಯಲಿಲ್ಲ.

“ತಾರಸಿ ಮೇಲೆ ಸೊಸೆ ತಲೆ ಒಣಗಿಸ್ಕೊಂಡು ಕೂತಿದ್ಳು. ಚಾವಿ ಹಾಕಿ ಬಾಗ್ಲು ತೆಗ್ದು ಇಬ್ರು ಗಂಡಸ್ರು ಬಂದ್ರು. ಕೇಳಿದ್ರೆ ಕಂಪ್ನಿಯವ್ರು ಅಂದ್ರು” ಎಂದರು. ಎಂಜಿನಿಯರುಗಳಿಂದ ಇಸಿದುಕೊಂಡಿದ್ದ ಕೀ ಅವರ ಕೈಯಲ್ಲೇ ಇತ್ತು. ಅದನ್ನು ಹಲಗೆಗೆ ಹಾಕುತ್ತಾರೇನೋ ಎಂದು ನೋಡಿದೆ. ಹಾಕಲಿಲ್ಲ. “ಚಾವಿ ನಿನ್ಗೆ ಕೊಟ್ಟಿದ್ದು ಬೇಟಿ. ಕಂಪ್ನಿಗಲ್ಲ.”

ತಪ್ಪಾಯಿತೆಂದೆ. ತಲೆಯಾಡಿಸಿ ಹೋದರು. ಸಂಜೆ ಎಂಜಿನಿಯರುಗಳಿಂದ ಉಳಿದ ಕೀಗಳನ್ನು ವಾಪಸು ಪಡೆದು ಹಲಗೆಗೆ ಹಾಕಿದೆ.

ಮರುದಿನ ತಮ್ಮನೇ ಬಂದ. ಎಷ್ಟೋ ವರ್ಷದ ಮೇಲೆ ನನ್ನ ಅಂಗಡಿಯೊಳಗೆ ಕಾಲಿಟ್ಟಿದ್ದ. ಹಲಗೆಯ ಮುಂದೆ ನಿಂತವನು ಅಲ್ಲಾಡಲಿಲ್ಲ. ಒಂದು ಕೀಯನ್ನು ಬೆರಳಲ್ಲಿ ತಿರುಗಿಸಿ ನೋಡಿದ.

“ವಿದ್ಯಾನಗರದಲ್ಲಿ ನಾನು ಗೇಟ್ ಹತ್ರ ನಿಂತು ವಾಚ್‌ಮನ್‌ಗೆ ಐಡಿ ಕಾರ್ಡ್ ತೋರಿಸ್ಬೇಕು ಅಕ್ಕ. ಇವತ್ತಿಗೂ” ಎಂದ. “ನಂಗೆ ಇಂಥದ್ದೊಂದು ಯಾರೂ ಕೊಟ್ಟಿಲ್ಲ.”

ಅವನ ಮುಖದಲ್ಲಿದ್ದುದು ನನಗೆ ಚೆನ್ನಾಗಿ ಪರಿಚಯವಿತ್ತು. ಅವನ ಲಿಫ್ಟಿನ ಕನ್ನಡಿಯಲ್ಲಿ ಅದನ್ನೇ ನೋಡಿದ್ದೆ. ಸುಳ್ಳೇಕೆ, ಹೊಟ್ಟೆಗೆ ಮಜ್ಜಿಗೆ ಹುಯ್ದಷ್ಟು ತಂಪಾಯಿತು. ಇನ್ನೂ ಸ್ವಲ್ಪ ಹೊತ್ತು ನೋಡಲಿ ಎಂದು ಕಾಫಿಗೆ ಹೇಳಿದೆ.

“ಈ ಮೊಳೆ ಯಾಕೆ ಖಾಲಿ?” ಎಂದು ಕೇಳಿದ.

“ನಿನ್ನೆ ನಿನ್ನ ಎಂಜಿನಿಯರ್‌ಗಳು ಹೋದ್ರಲ್ಲ, ಆ ಮನೇದು” ಎಂದೆ. “ನಾನು ಸೇರಲ್ಲ ಕಣೋ. ಬೋರ್ಡು ನೀನು ಬದ್ಲಾಯಿಸ್ಬೋದು. ಇವನ್ನ ನಿಂಗೆ ಹೆಂಗೆ ಕೊಡ್ಲಿ? ನಂದಲ್ವಲ್ಲ.”

ಅವನು ಒತ್ತಾಯಿಸಲಿಲ್ಲ. ಕಾಫಿ ಕುಡಿದು, ಹೋಗುವಾಗ ಇನ್ನೊಮ್ಮೆ ಹಲಗೆಯ ಕಡೆ ತಿರುಗಿ ನೋಡಿ ಹೋದ.

ಗೆದ್ದೆ ಎನ್ನಿಸಿತು. ಆ ಗೆಲುವಿನಲ್ಲೇ ಸಂಜೆ ಖಾಲಾ ಮನೆಗೆ ಹೋಗಿ ಬಾಗಿಲು ಬಡಿದೆ. ಕಂಪನಿ ಸೇರಲಿಲ್ಲ, ಇನ್ನು ನಾನೇ ಬರುತ್ತೇನೆ ಎಂದೆ. ಒಳ್ಳೆಯದಾಯಿತು ಎಂದು ಕೂರಿಸಿ ಚಹಾ ಕೊಟ್ಟರು. ಎಂಜಿನಿಯರುಗಳು ಸಡಿಲ ಮಾಡಿಹೋಗಿದ್ದ ವೈರ್ ಬಿಗಿಯಬೇಕೆಂದಾಗ ತಾವೇ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಾಗಿಲು ತೆಗೆದರು. ಕೆಲಸ ಮುಗಿಯುವವರೆಗೆ ಅಲ್ಲೇ ನಿಂತಿದ್ದರು. ಮತ್ತೆ ಬೀಗ ಹಾಕಿ, ಕೀಯನ್ನು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

“ಲೈನ್ ಕೆಟ್ರೆ ಬಾ ಬೇಟಿ. ನಾನಿರ್ತೀನಿ, ತೆಗೀತೀನಿ” ಎಂದರು.

ದನಿಯಲ್ಲಿ ಪ್ರೀತಿಯೇ ಇತ್ತು. ಮೆಟ್ಟಿಲಿಳಿಯುವಾಗ ನನಗೆ ತಮ್ಮನ ನೆನಪಾಗಲಿಲ್ಲ, ಅವನ ಗಾಜಿನ ಕಟ್ಟಡದ ನೆನಪೂ ಆಗಲಿಲ್ಲ. ಮೊನ್ನೆಯವರೆಗೆ ಯಾರನ್ನೂ ಕೇಳದೆ ಆ ಬಾಗಿಲು ತೆಗೆಯುತ್ತಿದ್ದವಳ ಮೇಲೆ ಹೊಟ್ಟೆಕಿಚ್ಚಾಯಿತು.