ಗಾಳಿಯಿಲ್ಲದ ಸ್ಟೆಪ್ನಿ

ಸಹಾಯಕ್ಕೆ ಬರುವ ಗಂಡಸರನ್ನು ಕಂಡರೆ ನನಗೆ ಹೇಸಿಗೆ. ಎಲ್ಲರನ್ನೂ ಅಲ್ಲ, ಕರೆಯದೆ ಬರುವವರನ್ನು. ಹುಡುಗಿಯೊಬ್ಬಳು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೈಗೆ ಸ್ಪ್ಯಾನರ್ ತೆಗೆದುಕೊಂಡರೆ ಸಾಕು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿಕೊಳ್ಳುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಅಮೃತಹಳ್ಳಿಯಲ್ಲಿ ಮನೆ. ನನ್ನ ಹಳೆಯ ಕಾರನ್ನು ವರ್ಷಗಟ್ಟಲೆ ನಾನೇ ಓಡಿಸಿ, ನಾನೇ ನೋಡಿಕೊಂಡು ಬಂದಿದ್ದೇನೆ. ಹೋದ ವರ್ಷ ನನ್ನ ತಂಗಿಯ ಮಗಳಿಗೆ ದೇವನಹಳ್ಳಿ ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಡ್ಯೂಟಿ ಬೆಳಕು ಹರಿಯುವ ಮೊದಲೇ ಶುರು. ಬ್ಯಾಟರಾಯನಪುರದ ಅವರ ಮನೆಯಿಂದ ಆ ಹೊತ್ತಿನಲ್ಲಿ ಬಸ್ಸು ನಂಬಿಕೊಂಡರೆ ಕೆಲಸ ಉಳಿಯುವುದಿಲ್ಲ. ಮನೆಯಲ್ಲಿ ಕಾರಿದೆ, ಅವಳ ಹತ್ತಿರ ಲೈಸೆನ್ಸ್ ಇದೆ, ಕೀ ಮಾತ್ರ ಅಪ್ಪನ ಜೇಬಿನಲ್ಲಿ. ಆ ಅಪ್ಪ, ಅಂದರೆ ನನ್ನ ತಂಗಿಯ ಗಂಡ, ಒಂದು ಷರತ್ತು ಹಾಕಿದ.

"ಏರ್‌ಪೋರ್ಟ್ ರೋಡಲ್ಲಿ ಪಂಕ್ಚರ್ ಆದ್ರೆ ಏನ್ ಮಾಡ್ತೀಯ? ನನ್ನೆದುರಿಗೆ ಒಬ್ಳೇ ಟೈರ್ ಬಿಚ್ಚಿ ಸ್ಟೆಪ್ನಿ ಹಾಕ್ ತೋರ್ಸು. ಅವತ್ತೇ ಕೀ ನಿಂದು."

ಮಾತು ನ್ಯಾಯವಾಗಿಯೇ ಇದೆ ಅನ್ನಿಸಿತು. ಅವಳು ಇಬ್ಬರು ಗೆಳತಿಯರನ್ನೂ ಕಟ್ಟಿಕೊಂಡು ಭಾನುವಾರಗಳಂದು ನಮ್ಮ ಮನೆಗೆ ಬರತೊಡಗಿದಳು. ಆಯಿಲ್ ಅಳೆಯುವ ಕಡ್ಡಿಯನ್ನು ಹಳೇ ಬನಿಯನ್ ತುಂಡಿನಲ್ಲಿ ಒರೆಸಿ ನೋಡುವುದು, ಎಂಜಿನ್ ಕಾದಿರುವಾಗ ರೇಡಿಯೇಟರ್ ಮುಚ್ಚಳದ ತಂಟೆಗೆ ಹೋಗದಿರುವುದು, ಟೈರು ಸವೆದಿದೆಯೇ ಎಂದು ಬೆರಳಾಡಿಸಿ ತಿಳಿಯುವುದು, ಎಲ್ಲಕ್ಕಿಂತ ಮೊದಲು ಸ್ಟೆಪ್ನಿಯ ಗಾಳಿ ನೋಡುವುದು. ಹುಡುಗಿಯರು ಚುರುಕಾಗಿದ್ದರು. ಅಡ್ಡಿಯೆಲ್ಲ ಬೀದಿಯಿಂದಲೇ.

ಹಾಲಿನ ಪ್ಯಾಕೆಟ್ ಹಿಡಿದು ಹೊರಟ ಒಬ್ಬರು, "ಬಿಡಮ್ಮಾ, ಕೈ ಕೊಳೆ ಆಗುತ್ತೆ" ಎನ್ನುತ್ತ ಅವಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು. ಎರಡು ನಟ್ ಬಿಚ್ಚಿ, ಮೂರನೆಯದು ಜಗ್ಗದಿದ್ದಾಗ, "ಗ್ಯಾರೇಜಿಗೆ ಕೊಡಿ ಮೇಡಂ" ಎಂದು ನನಗೇ ಬುದ್ಧಿ ಹೇಳಿ ಕೈಯನ್ನು ನನ್ನ ಕಾಂಪೌಂಡ್ ಗೋಡೆಗೆ ಒರೆಸಿ ನಡೆದರು. ಇನ್ನೊಬ್ಬ ಬಾಯ್ತುಂಬ ಗುಟ್ಕಾ ಇಟ್ಟುಕೊಂಡು ಬಗ್ಗಿ ಬಗ್ಗಿ ನೋಡಿದ, ಟೈರಿನ ಪಕ್ಕಕ್ಕೇ ಪಿಚಕ್ಕನೆ ಉಗಿದ, ಆಮೇಲೆ "ಲೇಡೀಸಿಗೆ ಯಾಕ್ ಮೇಡಂ ಇದೆಲ್ಲ" ಅಂದ. ಆ ಕೆಂಪು ಉಗುಳಿನ ಪಕ್ಕದಲ್ಲೇ ಹುಡುಗಿ ಮೊಣಕಾಲೂರಿ ಜಾಕ್ ಇಡಬೇಕಾಯಿತು. ನೀರು ತಂದು ಸುರಿದೆ. ಅದು ಅವನ ಚಪ್ಪಲಿಗೂ ಬಿತ್ತು, ಬೀಳಲೆಂದೇ ಸುರಿದಿದ್ದೆ.

ಅಂತೂ ಅವಳು ಕಲಿತಳು. ತೋರಿಸುವ ದಿನ ಅವಳಪ್ಪ ಕಾರು ತಂದು ನಮ್ಮ ಮನೆ ಮುಂದೆ ನಿಲ್ಲಿಸಿದ. ಜೊತೆಗೆ ಇಬ್ಬರು ಸ್ನೇಹಿತರು, ತಮಾಷೆ ನೋಡುವುದಕ್ಕೆ. ಆ ಕಾರನ್ನು ಅವನು ದಿನಾ ಬೆಳಿಗ್ಗೆ ಪೈಪ್ ಹಿಡಿದು ತೊಳೆಯುತ್ತಾನೆ. ಮುಖ ನೋಡಿಕೊಳ್ಳಬಹುದು, ಹಾಗೆ ಹೊಳೆಯುತ್ತದೆ.

ಅವಳು ನೇರ ಡಿಕ್ಕಿಯ ಕಡೆಗೆ ನಡೆದಳು. ಅವನು ತಡೆದ. "ಸ್ಟೆಪ್ನಿ ನಾನ್ ತೆಗೆದ್ ಕೊಡ್ತೀನಿ. ನೀನು ಮೊದ್ಲು ಟೈರ್ ಬಿಚ್ಚು."

ಅವಳು ನನ್ನ ಜಾಕ್, ನನ್ನ ಸ್ಪ್ಯಾನರ್ ತೆಗೆದುಕೊಂಡಳು. ನೆಲದ ಮೇಲಿದ್ದಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಗಾಡಿ ಏರಿಸಿ, ಚಕ್ರ ಕಳಚಿ ಪಕ್ಕಕ್ಕಿಟ್ಟಳು. ಯಾರೂ ಕೈಹಾಕಲಿಲ್ಲ. ಗೆಳತಿಯರು ದೂರವೇ ನಿಂತು ನೋಡಿದರು, ನಾನೂ ಅಷ್ಟೇ.

ಅವನು ಡಿಕ್ಕಿ ತೆಗೆದು ಒಳಗಿನ ಚಾಪೆ ಎತ್ತಿದ. ನಾತ ಮೂಗಿಗೆ ಹೊಡೆಯಿತು. ಯಾವ ಕಾಲದ್ದೋ ಪೂಜೆಯ ತೆಂಗಿನಹೋಳು ಬೂಷ್ಟು ಹಿಡಿದು ಕರ್ರಗಾಗಿತ್ತು. ಕೊಳೆತ ನಿಂಬೆಹಣ್ಣುಗಳು, ನಾಲ್ಕೂ ದಿಕ್ಕಿಗೆ ಓಡಿದ ಜಿರಳೆಗಳು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ. ಅವನು ಸ್ಟೆಪ್ನಿ ಎತ್ತಿ ನೆಲಕ್ಕೆ ಬಿಟ್ಟ. ಗಾಳಿಯಿರುವ ಟೈರು ಒಮ್ಮೆಯಾದರೂ ಪುಟಿಯಬೇಕು. ಇದು ತಟ್ಟೆಗೆ ಬಿದ್ದ ಮುದ್ದೆಯ ಹಾಗೆ ಥಪ್ಪೆಂದು ಕೂತಿತು.

ಅವಳು ಅಂಗೈಯಿಂದ ಒತ್ತಿ ನೋಡಿದಳು. "ಅಪ್ಪ, ಇದ್ರಲ್ಲಿ ಗಾಳೀನೇ ಇಲ್ಲ."

ಸ್ನೇಹಿತರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಆ ನಗು ಕೆಲಸ ಕೆಡಿಸಿತು. ಅವಳಪ್ಪನ ಮುಖ ಕಪ್ಪಿಟ್ಟಿತು.

"ಸಾಕು. ಬಿಚ್ಚಿದ್ ಟೈರೇ ವಾಪಸ್ ಹಾಕು. ಕೆಲ್ಸ ಇಲ್ಲೇ ಎಲ್ಲಾದ್ರೂ ಹತ್ರದಲ್ಲಿ ನೋಡ್ಕೊ."

"ಯಾಕಪ್ಪ? ಅವಳು ಸರಿಯಾಗೇ ಮಾಡಿದ್ಲಲ್ಲ" ಎಂದೆ. "ನಿನ್ ಸ್ಟೆಪ್ನಿಗೆ ಗಾಳಿ ಇಲ್ದಿದ್ರೆ ಅದು ಅವಳ ತಪ್ಪಾ? ಮಾತು ಕೊಟ್ಟಿದ್ದೀಯ, ಕೀ ಕೊಡು."

"ನೀವ್ ಸುಮ್ನಿರಿ ಅಕ್ಕ. ನೀವು ಹೇಳ್ಕೊಟ್ಟಿರೋದು ಟೈರ್ ಬಿಚ್ಚೋದಲ್ಲ, ನಾಲ್ಕ್ ಜನದ್ ಮುಂದೆ ಅಪ್ಪನ ಮರ್ಯಾದೆ ಕಳೆಯೋದು."

ಮರ್ಯಾದೆಯಂತೆ! ಜಿರಳೆ ಸಾಕಿಕೊಂಡಿದ್ದ ಡಿಕ್ಕಿಯಲ್ಲಿ ಅದನ್ನು ಎಲ್ಲಿ ಇಟ್ಟಿದ್ದನೋ. ಅವನ ಮುಖಕ್ಕೇ ಹಾಗೆಂದೆ. ಅವಳು ಚಕ್ರ ಕೂರಿಸಿ, ನಟ್ಟುಗಳನ್ನು ಕೈಯಲ್ಲೇ ತಿರುಗಿಸಿ, ಜಾಕ್ ಇಳಿಸಿದಳು. ಚಕ್ರ ನೆಲ ಮುಟ್ಟಿದ ಮೇಲೆ ಸ್ಪ್ಯಾನರ್ ಹಾಕಿ ಪೂರ್ತಿ ಬಿಗಿಯಬೇಕು. ಅಷ್ಟಕ್ಕೂ ಕಾಯದೆ ಅವನು ಸ್ನೇಹಿತರನ್ನು ಹತ್ತಿಸಿಕೊಂಡು, ತಾನೂ ಕೂತು, ಗಾಡಿ ಸ್ಟಾರ್ಟ್ ಮಾಡಿದ.

ಅವಳು ಹೋಗಿ ಕಾರಿಗೆ ಅಡ್ಡ ನಿಂತಳು. "ಆಫ್ ಮಾಡಿ ಅಪ್ಪ. ನಟ್ ಇನ್ನೂ ಟೈಟ್ ಆಗಿಲ್ಲ."

ಅವನು ಎಂಜಿನ್ ನಿಲ್ಲಿಸಿದ. ಇಳಿಯಲಿಲ್ಲ.

"ಬಾರೇ ಈಚೆ. ಅವನೇ ಬಿಗಿದುಕೊಳ್ಳಲಿ" ಎಂದೆ.

"ಅವ್ರಿಗೆ ಬರಲ್ಲ ದೊಡ್ಡಮ್ಮ" ಅಂದಳು ಮೆತ್ತಗೆ, ಅವನಿಗೆ ಕೇಳಿಸದ ಹಾಗೆ.

ಒಂದು ನಟ್, ಆಮೇಲೆ ಅದರ ಎದುರಿನದು, ಹೀಗೆ ಸ್ಪ್ಯಾನರಿನ ಮೇಲೆ ಕಾಲಿಟ್ಟು ಮೈಭಾರ ಹಾಕಿ ಎಲ್ಲವನ್ನೂ ಬಿಗಿದಳು. ಅವನು ಗಾಜು ಏರಿಸಿಕೊಂಡು ಒಳಗೇ ಕೂತಿದ್ದ. ಅವಳು ಎದ್ದು ಪಕ್ಕಕ್ಕೆ ಸರಿದದ್ದೇ ತಡ, ಗೇರ್ ಹಾಕಿ ಹೆಬ್ಬಾಳದ ಕಡೆ ನುಗ್ಗಿಸಿಕೊಂಡು ಹೋದ. ಸರಿಯಾಗಿ ಬಿಗಿದಿದ್ದೀಯಾ ಎಂದು ಒಂದು ಮಾತು ಕೇಳಲಿಲ್ಲ, ತಲೆ ಹೊರಗೆ ಹಾಕಿ ಚಕ್ರ ನೋಡಲಿಲ್ಲ. ಅಷ್ಟು ನಂಬಿಕೆ ಮಹಾರಾಯನಿಗೆ, ಮಗಳ ಕೈಮೇಲೆ.